ಮುಸುಕಿಲ್ಲದ ಹ್ಯಾಕರ್

ಮಂಡ್ಯದಲ್ಲಿ ನಾನು ಓದಿದ ಕಾಲೇಜಿನವರು ವರ್ಷಕ್ಕೊಮ್ಮೆ ನನ್ನನ್ನು ಕರೆಸಿ ಸೈಬರ್ ಸುರಕ್ಷತೆಯ ಬಗ್ಗೆ ಒಂದು ಗಂಟೆ ಮಾತಾಡಿಸುತ್ತಾರೆ. ವೇದಿಕೆಯ ಹಿಂದೆ ಕಟ್ಟುವ ಬ್ಯಾನರು ಪ್ರತಿ ಸಲವೂ ಅದೇ. ತಲೆಯ ಮೇಲೆ ಕಪ್ಪು ಮುಸುಕೆಳೆದುಕೊಂಡ, ಮುಖವೇ ಇಲ್ಲದ ಒಬ್ಬ ಗಂಡಸು. ಅವನ ಮುಂದೆ ಲ್ಯಾಪ್‌ಟಾಪು. ಸುತ್ತ ಹಸಿರು ಅಂಕಿಗಳು. ಕೊನೆಯಲ್ಲಿ ಬರುವ ಪ್ರಶ್ನೆಯೂ ಅದೇ. ಸಿನಿಮಾದಲ್ಲಿ, ಸೀರಿಯಲ್ಲಿನಲ್ಲಿ ಬರುವ ಹ್ಯಾಕರ್‌ಗಳಲ್ಲಿ ನಿಮಗೆ ಯಾರು ಇಷ್ಟ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಯಾರೂ ಇಲ್ಲ ಎಂದು ಹೇಳಿ ಕೆಳಗಿಳಿಯುತ್ತೇನೆ.

ಅದು ಪೂರ್ತಿ ನಿಜವಲ್ಲ. ಒಬ್ಬನಿದ್ದ. ಅವನ ವಿಷಯಕ್ಕೆ ಬರುವ ಮೊದಲು ಉಳಿದವರ ಬಗ್ಗೆ ನನಗೇನನ್ನಿಸುತ್ತದೆ ಎಂಬುದನ್ನು ಒಮ್ಮೆ ಹೇಳಿ ಮುಗಿಸಬೇಕು. ಕಾಲೇಜಿನ ವೇದಿಕೆಯಲ್ಲಿ ಅದನ್ನು ಹೇಳಲು ಆಗುವುದಿಲ್ಲ.

ಮೊದಲನೆಯವನು ಆ ಮುಸುಕಿನವನೇ. ಅವನು ಕೋಣೆಯ ದೀಪ ಹಾಕುವುದಿಲ್ಲ. ಮೌಸ್ ಮುಟ್ಟುವುದಿಲ್ಲ. ಕೆಲಸ ಅವಸರದ್ದಾದರೆ ಇನ್ನೂ ಜೋರಾಗಿ ಕೀಲಿಗಳನ್ನು ಕುಟ್ಟುತ್ತಾನೆ. ನಾನು ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಕೆಲಸ ಅವಸರದ್ದಾದಷ್ಟೂ ನಿಧಾನವಾಗಿ ಟೈಪ್ ಮಾಡುತ್ತೇವೆ, ಏಕೆಂದರೆ ಒಂದು ಅಕ್ಷರ ತಪ್ಪಿದರೆ ಮೂರು ಫ್ಲೋರಿನ ಬಿಲ್ಲಿಂಗು ನಿಂತುಹೋಗುತ್ತದೆ. ಅವನು ಎಂದೂ ಕಾಯುವುದಿಲ್ಲ. ನನ್ನ ವೃತ್ತಿಯ ಮುಕ್ಕಾಲು ಪಾಲು ಕಾಯುವುದೇ. ಒಂದು ಫೈಲು ಕಾಪಿಯಾಗುವುದನ್ನು ನೋಡುತ್ತಾ ಮಧ್ಯಾಹ್ನದ ಡಬ್ಬಿ ಬಿಚ್ಚಿ, ತಿಂದು, ತೊಳೆದು ಬಂದು ಮತ್ತೆ ಅದನ್ನೇ ನೋಡಿದ್ದೇನೆ. ಇನ್ನು ಪಾಸ್‌ವರ್ಡು. ಅದನ್ನು ಮುರಿಯಲು ಅವನಿಗೆ ಹನ್ನೆರಡು ಸೆಕೆಂಡು ಬೇಕು, ಜೊತೆಗೆ ಹಿನ್ನೆಲೆ ಸಂಗೀತ. ನಮ್ಮ ಸ್ಟೋರ್ಸ್ ವಿಭಾಗದ ಪಾಸ್‌ವರ್ಡು ಕೀಬೋರ್ಡಿನ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿದೆ. ಅದು ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ಚೀಟಿ ಕಿತ್ತು ಬಿಸಾಕಿದರೆ ಮಾರನೆಯ ದಿನ ಹೊಸ ಚೀಟಿ ಇರುತ್ತದೆ.

ಎರಡನೆಯವಳು ಬಣ್ಣದ ಕೂದಲಿನ ಹುಡುಗಿ. ಹೆಂಗಸೊಬ್ಬಳಿಗೆ ಬುದ್ಧಿಯಿದೆ ಎಂದು ತೋರಿಸಬೇಕಾದರೆ ನಿರ್ದೇಶಕರು ಅವಳ ಅರ್ಧ ಕೂದಲಿಗೆ ನೀಲಿ ಬಳಿಯುತ್ತಾರೆ. ಅವಳು ಯಾರಿಗೂ ನಮಸ್ಕಾರ ಹೇಳುವುದಿಲ್ಲ, ಯಾವಾಗಲೂ ಏನನ್ನೋ ಅಗಿಯುತ್ತಿರುತ್ತಾಳೆ. ಮಳವಳ್ಳಿಯಿಂದ ಮದ್ದೂರಿಗೆ ಬೆಳಿಗ್ಗೆ ಹೋಗುವ ಬಸ್ಸಿನಲ್ಲಿ ಕಂಪ್ಯೂಟರ್ ಕೆಲಸದ ಹೆಂಗಸರು ನಾಲ್ಕೈದು ಜನ ನಿಂತು ಪ್ರಯಾಣ ಮಾಡುತ್ತೇವೆ. ನಮ್ಮಲ್ಲಿ ಒಬ್ಬರನ್ನೂ ಯಾವ ನಿರ್ದೇಶಕನೂ ಗುರುತು ಹಿಡಿಯಲಾರ.

ಮೂರನೆಯವನು ನಮ್ಮದೇ ಸಿನಿಮಾಗಳ ಸರಕು: ಹೀರೋನ ಗೆಳೆಯ. ದಪ್ಪ, ಕನ್ನಡಕ, ಕೈಯಲ್ಲಿ ಚಿಪ್ಸ್ ಪೊಟ್ಟಣ. ಹೀರೋ ಹೆಗಲ ಮೇಲೆ ಕೈಹಾಕಿ ಒಂದು ಮಾತು ಹೇಳುತ್ತಾನೆ. ಇವನು ಇಡೀ ಊರಿನ ಕ್ಯಾಮೆರಾಗಳನ್ನು ತೆರೆದುಕೊಡುತ್ತಾನೆ. ಇಂಟರ್ವಲ್‌ಗೆ ಮೊದಲು ಇವನನ್ನು ಕೊಲ್ಲುತ್ತಾರೆ. ಹೀರೋ ಅಳುತ್ತಾನೆ, ಆಮೇಲೆ ಮರೆಯುತ್ತಾನೆ.

ನಾಲ್ಕನೆಯವನನ್ನು ನನಗಿಂತ ಹೆಚ್ಚು ತಿರಸ್ಕಾರದಿಂದ ನೋಡುವವರು ನನ್ನ ಅಪ್ಪ. ಅವನು ಒಂದೇ ಒಂದು ಕೀಲಿ ಒತ್ತಿ ಇಡೀ ಪಟ್ಟಣದ ಕರೆಂಟು ತೆಗೆಯುವ ಖಳನಾಯಕ.

ಅಪ್ಪ ಜಲಪಾತದ ಪಕ್ಕದ ಬ್ಲಫ್ ಎಂಬಲ್ಲಿರುವ ಹಳೆಯ ಜಲವಿದ್ಯುತ್ ಪವರ್‌ಹೌಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಳಿಯ ಕೆಲಸ ಮಾಡಿ ನಿವೃತ್ತರಾದವರು. ನಾನು ಹುಟ್ಟಿ ಬೆಳೆದಿದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಈಗ ಮಳವಳ್ಳಿಯಲ್ಲಿ ಸಣ್ಣ ಮನೆ ಕಟ್ಟಿಕೊಂಡಿದ್ದೇವೆ. ಭಾನುವಾರ ಅತ್ತೆಯ ಮಗ ಬರುತ್ತಾನೆ. ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ, ಮದುವೆಯಾಗಿ ಎರಡು ಮಕ್ಕಳಿರುವ ಈ ಭಾವನಿಗೆ ಹ್ಯಾಕರ್ ಸಿನಿಮಾಗಳೆಂದರೆ ಪ್ರಾಣ. ಅವನ ಮನೆಯಲ್ಲಿ ನೋಡಲು ಬಿಡುವುದಿಲ್ಲವೆಂದು ನಮ್ಮ ಮನೆಯ ಟೀವಿಯಲ್ಲಿ ನೋಡುತ್ತಾನೆ. ಟೀವಿಯಲ್ಲಿ ಪಟ್ಟಣದ ದೀಪಗಳು ಸಾಲಾಗಿ ಆರುವಾಗ ಅಪ್ಪ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾರೆ. ನಮ್ಮಲ್ಲಿ ಒಂದು ಮಿಸಿನ್ನು ನಿಲ್ಲಿಸಬೇಕಾದರೆ ಆಳೆತ್ತರದ ಚಕ್ರವನ್ನು ಇಬ್ಬರು ನಿಂತು ಕೈಯಲ್ಲಿ ತಿರುಗಿಸಬೇಕಿತ್ತು; ಇವನು ಲ್ಯಾಪ್‌ಟಾಪು ಹಿಡಿದುಕೊಂಡು ಕಣಿವೆಯ ತಳದ ಪವರ್‌ಹೌಸಿಗೆ ಟ್ರಾಲಿಯಲ್ಲಿ ಇಳಿದು ಬರಲಿ, ಆಮೇಲೆ ನೋಡೋಣ ಎಂದು.

ಅಪ್ಪನ ತಿರಸ್ಕಾರಕ್ಕೆ ಇನ್ನೊಂದು ಕಾರಣವಿತ್ತು. ಆ ಖಳನಾಯಕ ಯಾರಿಗೂ ಹೇಳದೆ ಕರೆಂಟು ತೆಗೆಯುತ್ತಾನೆ, ಹೇಳದೆ ಕೊಡುತ್ತಾನೆ. ಅಪ್ಪನ ಲೋಕದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಲೈನಿನ ಮೇಲೆ ಕೆಲಸ ಮಾಡಬೇಕಾದವನು ಮೊದಲು ಫೋನ್ ಮಾಡಿ ಲೈನು ಬಂದ್ ಮಾಡಿಸಬೇಕು. ಬಂದ್ ಮಾಡಿದವನು ಒಂದು ನಂಬರು ಕೊಡುತ್ತಾನೆ. ಕೇಳಿದವನು ಅದನ್ನು ಒಂದೊಂದೇ ಅಂಕಿಯಾಗಿ ತಿರುಗಿ ಹೇಳುತ್ತಾನೆ. ಸರಿ ಎನ್ನಿಸಿಕೊಂಡ ಮೇಲೆ ಇಬ್ಬರೂ ನಂಬರು, ಗಂಟೆ, ಹೆಸರುಗಳನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಅದೇ ನಂಬರು ಹೇಳಿ ವಾಪಸು ಕೊಡುವವರೆಗೆ ಆ ಲೈನಿಗೆ ಕರೆಂಟು ಬಿಡುವಂತಿಲ್ಲ. ಇದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಕಂಬದ ಮೇಲಿರುವವನ ಜೀವ ಫೋನಿನಲ್ಲಿ ಹೇಳಿದ ಆ ನಾಲ್ಕಾರು ಅಂಕಿಗಳ ಮೇಲೆ ನಿಂತಿರುತ್ತದೆ.

ನಿವೃತ್ತರಾದ ಮೇಲೂ ಅಪ್ಪನಿಗೆ ಈ ಅಭ್ಯಾಸ ಹೋಗಲಿಲ್ಲ. ಗ್ಯಾಸ್ ಸಿಲಿಂಡರಿನವರು ನಂಬರು ಕೇಳಿದರೆ ಗಟ್ಟಿಯಾಗಿ, ಒಂದೊಂದೇ ಅಂಕಿ, ಎರಡು ಸಲ. ನೆಂಟರು ಬಸ್ಸು ಎಷ್ಟೊತ್ತಿಗೆ ಎಂದು ಹೇಳಿದರೆ ಅದನ್ನೂ ತಿರುಗಿ ಹೇಳಿ, ಡೈರಿಯಲ್ಲಿ ಗಂಟೆ ಸಮೇತ ಬರೆದಿಡುತ್ತಿದ್ದರು. ಅವ್ವ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಇನ್ನು ಆ ಒಬ್ಬನ ವಿಷಯ. ಕನ್ನಡಕ್ಕೆ ಡಬ್ ಆದ ಯಾವುದೋ ವಿದೇಶಿ ಸೀರಿಯಲ್ಲಿನ ಒಂದು ಕಂತು. ನಾಯಕ ಎಂದಿನ ಮುಸುಕಿನವನೇ. ಆದರೆ ನಡುವೆ ಒಂದೂವರೆ ನಿಮಿಷ ಬೇರೊಬ್ಬ ಬಂದ. ನಡುವಯಸ್ಸು, ಸಾದಾ ಅಂಗಿ, ಜೇಬಿನಲ್ಲಿ ಪೆನ್ನು. ನಿಂತ ಕಾರಿನಲ್ಲಿ ಕುಳಿತು ಒಂದು ಆಫೀಸಿಗೆ ಫೋನ್ ಮಾಡಿದ. ದಣಿದ ಧ್ವನಿ. ತಾನು ಹೆಡ್ ಆಫೀಸಿನವನು, ಇದೊಂದು ಮುಗಿದರೆ ಮನೆಗೆ ಹೋಗಬಹುದು ಎಂದ. ಆ ಕಡೆಯ ಗುಮಾಸ್ತೆ ಪಾಪ ಎಂದುಕೊಂಡು ಬೇಕಾದ್ದನ್ನು ಕೊಟ್ಟಳು. ಅವನು ಥ್ಯಾಂಕ್ಸ್ ಹೇಳಿ ಫೋನಿಟ್ಟ. ಅಷ್ಟೇ. ಅಲ್ಲಿಯವರೆಗೆ ಗೊಣಗುತ್ತಿದ್ದ ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಇವ್ನೊಬ್ನಿಗೆ ಕೆಲ್ಸ ಗೊತ್ತೈತೆ ನೋಡು ಮಗ" ಎಂದರು. ನನಗೂ ಹಾಗೇ ಅನ್ನಿಸಿತು. ಆ ಸೀರಿಯಲ್ಲಿನವರಿಗೆ ಅನ್ನಿಸಲಿಲ್ಲ. ಅವನು ಮತ್ತೆ ಬರಲೇ ಇಲ್ಲ. ಆಮೇಲೆ ಯಾವ ಹ್ಯಾಕರ್ ತೆರೆಯ ಮೇಲೆ ಬಂದರೂ ಅಪ್ಪ ನನ್ನ ಕಡೆ ನೋಡುತ್ತಿದ್ದರು. ಅವನ ಮುಂದೆ ಇವನೇನು ಎಂಬುದು ಆ ನೋಟದ ಅರ್ಥ.

ಹೋದ ವರ್ಷದ ಒಂದು ಭಾನುವಾರ, ಬೆಳಗಿನ ಹನ್ನೊಂದರ ಹೊತ್ತು, ನಾನು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಭಾವ ಆಗಲೇ ಬಂದು ಟೀವಿ ಹಾಕಿದ್ದ. ಜಗುಲಿಯಿಂದ ಅಪ್ಪನ ಧ್ವನಿ ಕೇಳಿಸಿತು. ಆರು ಅಂಕಿ, ಒಂದೊಂದೇ, ಗಟ್ಟಿಯಾಗಿ. ಸ್ವಲ್ಪ ಬಿಟ್ಟು ಅದೇ ಆರು ಅಂಕಿ ಇನ್ನೊಮ್ಮೆ. ಗ್ಯಾಸಿನವರಿರಬೇಕು ಎಂದುಕೊಂಡು ನಾನು ಬಟ್ಟೆಗೆ ಕ್ಲಿಪ್ಪು ಹಾಕುವುದನ್ನು ಮುಂದುವರಿಸಿದೆ. ವೇದಿಕೆಯ ಮೇಲೆ ನಿಂತು ಫೋನಿಗೆ ಬಂದ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಊರಿನವರ ಮಕ್ಕಳಿಗೆ ಪಾಠ ಹೇಳುವವಳು ಅದನ್ನು ಅಪ್ಪನಿಗೆ ಒಂದು ದಿನವೂ ಹೇಳಿರಲಿಲ್ಲ. ಅಪ್ಪನಷ್ಟು ಎಚ್ಚರದ ಮನುಷ್ಯನಿಗೆ ಅದು ಬೇಕಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಕೆಳಗಿಳಿದು ಬಂದಾಗ ಅವ್ವ ಅಡುಗೆಮನೆಯಿಂದ ತನ್ನ ಫೋನು ಹಿಡಿದು ಬಂದಳು.

"ಇದೇನ್ರೀ ನಂಗೂ ಕಳ್ಸಿದ್ದೀರಾ, ಪಿಂಚಣಿಯೋರ ಪಟ್ಟಿ?"

ಅಪ್ಪ ಏನೂ ಕಳಿಸಿರಲಿಲ್ಲ. ಅವರ ಫೋನಿನಲ್ಲಿ ವಾಟ್ಸಾಪ್ ಹೊರಗೆ ಬಿದ್ದು, ಮೊದಲಿಂದ ನಂಬರು ಹಾಕಿ ಎನ್ನುತ್ತಿತ್ತು. ನಾನು ಅವ್ವನ ಫೋನು ತೆಗೆದುಕೊಂಡು ನೋಡಿದೆ. ಅಪ್ಪನ ಹೆಸರು, ಅಪ್ಪನ ಫೋಟೋ, ಕೆಳಗೆ ಒಂದು ಫೈಲು. ನಿವೃತ್ತ ನೌಕರರ ಕರೆಂಟು ರಿಯಾಯಿತಿ ಪಟ್ಟಿ, ಎಲ್ಲರೂ ಇವತ್ತೇ ತೆರೆದು ನಿಮ್ಮ ಹೆಸರು ನೋಡಿಕೊಳ್ಳಿ ಎಂದು ಬರೆದಿತ್ತು. ಅದು ಪಟ್ಟಿಯಲ್ಲ, ಆ್ಯಪು. ತೆರೆದು ಹೂಂ ಎಂದರೆ ಫೋನಿಗೆ ಬರುವ ಮೆಸೇಜುಗಳೆಲ್ಲ ಯಾರ ಕೈಗೋ ಹೋಗುತ್ತವೆ, ಅದರ ಹಿಂದೆಯೇ ಬ್ಯಾಂಕಿನಲ್ಲಿರುವ ಪಿಂಚಣಿ.

"ಅಪ್ಪ, ಯಾರಿಗಾದ್ರೂ ನಂಬರ್ ಹೇಳ್ದ್ಯಾ?"

ಅಪ್ಪ ಒಳಗೆ ಹೋಗಿ ಡೈರಿ ತಂದರು. ಲೆಕ್ಕ ಸರಿಯಿದೆ ಎಂದು ತೋರಿಸುವವರ ಹಾಗೆ ಪುಟ ತೆರೆದು ಮುಂದೆ ಹಿಡಿದರು. ಗಂಟೆ ಹನ್ನೊಂದು ಹದಿನೆಂಟು. ಕರೆಂಟು ಆಫೀಸಿನಿಂದ. ಆರು ಅಂಕಿ. ತಿರುಗಿ ಹೇಳಿದೆ, ಸರಿ ಎಂದರು. ಇಷ್ಟು ಬರೆದಿತ್ತು. ಆಮೇಲೆ ನನ್ನ ಮುಖ ನೋಡಿದರು, ಡೈರಿ ಮುಚ್ಚಿದರು.

ಫೋನ್ ಮಾಡಿದವನು ಮರ್ಯಾದಸ್ಥ ಎಂದು ಅವ್ವನಿಗೆ ಹೇಳುತ್ತಿದ್ದರು. ನೀವು ನಮ್ಮ ಡಿಪಾರ್ಟ್‌ಮೆಂಟಿನ ಹಿರಿಯರು ಸಾರ್, ರಿಯಾಯಿತಿ ಇವತ್ತಿಗೆ ನಿಂತುಹೋಗುತ್ತದೆ, ಒಂದು ನಂಬರು ಕಳಿಸಿದ್ದೇನೆ, ತಿರುಗಿ ಹೇಳಿದರೆ ಸಾಕು ಎಂದನಂತೆ. ಭಾನುವಾರವೂ ಡ್ಯೂಟಿ ಹಾಕಿದ್ದಾರೆ ಸಾರ್ ಎಂದನಂತೆ. ಅಪ್ಪ ಎಷ್ಟೋ ಭಾನುವಾರ ಡ್ಯೂಟಿ ಮಾಡಿದವರು.

ನಾನು ಮಾಡಬಹುದಾದ್ದು ಸ್ವಲ್ಪವೇ ಇತ್ತು. ಬ್ಯಾಂಕಿಗೆ ಫೋನ್ ಮಾಡಿ ಅಪ್ಪನ ಖಾತೆ ತಡೆಹಿಡಿಸಿದೆ. ಅಪ್ಪ ಹೇಳಿದ ಆರು ಅಂಕಿ ಅವರ ವಾಟ್ಸಾಪಿನ ಕೋಡು; ಹೊಸ ಕೋಡು ತರಿಸಿ ಹಾಕಿದೆ. ಒಳಗಿದ್ದವನು ಹೊರಗೆ ಬಿದ್ದ. ಆದರೆ ಹೋಗುವ ಮೊದಲು ನಮಗೆ ಗೊತ್ತಿಲ್ಲದ ಪಿನ್ನಿನ ಬೀಗವೊಂದನ್ನು ಹಾಕಿದ್ದ. ಏಳು ದಿನ ನಾವೂ ಒಳಗೆ ಹೋಗುವಂತಿರಲಿಲ್ಲ. ಕಳಿಸಿದ ಫೈಲು ಕಳಿಸಿದಲ್ಲೇ ಕುಳಿತಿತ್ತು. ಅವ್ವನಿಗಷ್ಟೇ ಅಲ್ಲ, ಪವರ್‌ಹೌಸಿನ ನಿವೃತ್ತರ ಗುಂಪಿಗೂ ಅದು ಹೋಗಿರುತ್ತದೆ. ಆ ಗುಂಪು ಕಟ್ಟಿದವರೇ ಅಪ್ಪ. ಮೆಡಿಕಲ್ ಬಿಲ್ಲಿನ ಫಾರಂ, ತೀರಿಕೊಂಡವರ ಸುದ್ದಿ, ಪಿಂಚಣಿಯ ಸುತ್ತೋಲೆ ಬಿಟ್ಟು ಇನ್ನೇನನ್ನೂ ಅವರು ಅದರಲ್ಲಿ ಹಾಕಿದವರಲ್ಲ. ಶುಭೋದಯದ ಹೂವು ಕಳಿಸಿದವರನ್ನು ಗದರುತ್ತಿದ್ದರು. ಅಪ್ಪ ಕಳಿಸಿದ್ದೆಂದರೆ ಆ ಗುಂಪಿನಲ್ಲಿ ಎಲ್ಲರೂ ತೆರೆಯುತ್ತಾರೆ. ಅದೇ ಅಪಾಯ. ಒಬ್ಬೊಬ್ಬರಿಗೂ ಫೋನ್ ಮಾಡಿ ಎಚ್ಚರಿಸಬೇಕಿತ್ತು.

ಭಾವ ಟೀವಿಯ ಧ್ವನಿ ಸಣ್ಣದು ಮಾಡಿ ಎದ್ದು ಬಂದ. ಅವನ ಕಣ್ಣು ಹೊಳೆಯುತ್ತಿತ್ತು.

"ಏನಮ್ಮಿ, ಇಷ್ಟ್ ಓದಿದ್ದೀಯ, ನೀನೂ ತಿರುಗ್ಸಿ ಹ್ಯಾಕ್ ಮಾಡು ಅವ್ನ. ಲೊಕೇಸನ್ ತಗಿ. ನಾನು ಬೈಕ್ ತಗೀತೀನಿ."

"ಭಾವ, ಮೊದ್ಲು ಆ ಟೀವಿ ಆಫ್ ಮಾಡಿ."

ಟೀವಿ ಆಫ್ ಮಾಡಿ ಬಂದು, ಈ ಸಲ ಅಪ್ಪನ ಪಕ್ಕ ಕುಳಿತ. "ಮಾವ, ನೀವ್ಯಾಕೆ ಮಕ ಸಣ್ಣದು ಮಾಡ್ತೀರಿ. ಪೋನು ಹ್ಯಾಕ್ ಆಗೋಯ್ತು ಅನ್ನಿ. ದೊಡ್ ದೊಡ್ಡೋರ್ದೇ ಆಯ್ತದೆ. ಯಾರೂ ಏನೂ ಅನ್ನಕಿಲ್ಲ."

ಈ ಮಾತನ್ನು ನಾನು ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಕೇಳುತ್ತೇನೆ. ಚೀಟಿ ಅಂಟಿಸಿದವರೂ ಹಾಗೇ ಹೇಳುತ್ತಾರೆ, ಕಂಡ ಕಂಡ ಲಿಂಕು ಒತ್ತಿದವರೂ ಹಾಗೇ ಹೇಳುತ್ತಾರೆ. ಹ್ಯಾಕ್ ಆಗುವುದೆಂದರೆ ಆಲಿಕಲ್ಲು ಬಿದ್ದ ಹಾಗೆ. ಯಾರ ತಪ್ಪೂ ಇಲ್ಲ. ಮುಸುಕಿನವನನ್ನು ನಾನು ಅಷ್ಟು ಹೀಗಳೆಯುವುದು ಇದಕ್ಕೇ. ಅಷ್ಟು ದೊಡ್ಡ ಮಾಯಾವಿಯ ಮುಂದೆ ಯಾರು ಸೋತರೂ ನಾಚಬೇಕಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಲ್ಲೇ ತಿದ್ದುತ್ತಿದ್ದೆ. ಆ ದಿನ ಅಪ್ಪನ ಮುಖ ನೋಡಿ ಸುಮ್ಮನಿದ್ದೆ. ಹಾಗೆಂದುಕೊಂಡರೆ ಅಂದುಕೊಳ್ಳಲಿ ಅನ್ನಿಸಿತು. ಅದನ್ನು ಇಲ್ಲಿ ಬರೆಯಲು ನನಗೇನೂ ಹೆಮ್ಮೆಯಿಲ್ಲ.

ಅಪ್ಪ ಮೊದಲು ಫೋನ್ ಮಾಡಿದ್ದು ತಮ್ಮ ಪಾಳಿಯ ಜೊತೆಗಾರನಿಗೆ. ಅವರು ಮುತ್ತತ್ತಿಯ ದಾರಿಯಲ್ಲಿರುವ ಹಳ್ಳಿಯವರು. ಇಬ್ಬರೂ ಒಂದೇ ಚಕ್ರದ ಎರಡು ಬದಿ ನಿಂತು ಕೆಲಸ ಮಾಡಿದವರು. ನಾನು ಸ್ಪೀಕರ್ ಹಾಕಿಸಿದೆ. ಅಪ್ಪ ಕುಶಲ ವಿಚಾರಿಸಿ, ತಡೆದು, ಭಾವನ ಕಡೆ ಒಮ್ಮೆ ನೋಡಿ, ನನ್ನ ಫೋನು ಹ್ಯಾಕ್ ಆಗಿದೆ ಎಂದರು.

"ಆಗ್ಲಿ ಬುಡ್ಲಾ" ಎಂದರು ಆ ಕಡೆಯವರು. "ಹೊಸದು ತಗೊಂಡ್ರಾಯ್ತು. ನೀನು ಕಳ್ಸಿದ್ದ ಪಟ್ಟಿ ತೆಗೀತಾ ಇವ್ನಿ, ಎಂತದೋ ಪರ್ಮಿಸನ್ ಕೇಳ್ತದೆ. ಹೂಂ ಅಂತ ಒತ್ಲಾ?"

ಅವರ ಮಟ್ಟಿಗೆ ಹ್ಯಾಕ್ ಎಂದರೆ ಟೀವಿಯಲ್ಲಿ ಬರುವ ಹಸಿರು ಅಂಕಿ. ಅದಕ್ಕೂ ತಮ್ಮ ಗೆಳೆಯ ಕಳಿಸಿದ ಪಟ್ಟಿಗೂ ಏನು ಸಂಬಂಧ? ನಾನು ಫೋನಿಗೆ ಕೈ ಚಾಚಿದೆ. ಅಪ್ಪ ಕೊಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಒತ್ಬೇಡ. ಕೇಳ್ಲಾ ಇಲ್ಲಿ. ಹ್ಯಾಕೂ ಇಲ್ಲ ಎಂತದೂ ಇಲ್ಲ. ಯಾವನೋ ಪೋನ್ ಮಾಡ್ದ, ನಂಬರು ನಾನೇ ಕೊಟ್ಟೆ. ಆಳು ಯಾರು ಅಂತ ನೋಡ್ದೆ ಲೈನ್ ಕ್ಲಿಯರ್ ಕೊಟ್ಬುಟ್ಟಿವ್ನಿ. ಆ ಪೈಲು ನಂದಲ್ಲ. ಲೈನು ಚಾರ್ಜ್ ಆಗೈತೆ, ಮುಟ್ಬೇಡ. ತಿರುಗಿ ಯೋಳು."

ಆ ಕಡೆಯಿಂದ ಬಂದ ಧ್ವನಿ ಅದೇ ಮನುಷ್ಯನದಾದರೂ ಹರಟೆಯದಾಗಿರಲಿಲ್ಲ.

"ಲೈನು ಚಾರ್ಜ್ ಆಗೈತೆ. ಪೈಲು ನಿಂದಲ್ಲ. ಮುಟ್ಟಕಿಲ್ಲ."

"ಸರಿ" ಎಂದು ಅಪ್ಪ ಡೈರಿಯಲ್ಲಿ ಗಂಟೆ ಬರೆದರು.

ಮಧ್ಯಾಹ್ನ ಮೂರರವರೆಗೂ ಅದೇ ನಡೆಯಿತು. ಡೈರಿಯ ಹಿಂದಿನ ಪುಟಗಳಲ್ಲಿ ಕೈಯಲ್ಲಿ ಬರೆದುಕೊಂಡ ನಂಬರುಗಳಿದ್ದವು. ನಾನು ಓದುತ್ತಿದ್ದೆ, ಭಾವ ಒತ್ತಿ ಕೊಡುತ್ತಿದ್ದ, ಅಪ್ಪ ಮಾತಾಡುತ್ತಿದ್ದರು. ಪ್ರತಿಯೊಬ್ಬರಿಗೂ ಅದೇ ಮಾತುಗಳು, ಅದೇ ಕ್ರಮದಲ್ಲಿ. ನಂಬರು ನಾನೇ ಕೊಟ್ಟೆ ಎಂಬುದನ್ನು ಒಬ್ಬರ ಹತ್ತಿರವೂ ಬಿಡಲಿಲ್ಲ. ಪ್ರತಿಯೊಬ್ಬರಿಂದಲೂ ತಿರುಗಿ ಹೇಳಿಸಿದರು, ಹೇಳದವರನ್ನು ಬಿಡಲಿಲ್ಲ. ಒಬ್ಬರು ನಕ್ಕರು. ಇನ್ನೊಬ್ಬರು, "ನಂಗೆ ಲೈನ್ ಕ್ಲಿಯರ್ ಪಾಠ ಮಾಡ್ದೋನು ನೀನೇ ಅಲ್ವೇನಯ್ಯಾ" ಎಂದರು. ಅಪ್ಪ ಹೌದು ಎಂದು, ಮತ್ತೆ ತಿರುಗಿ ಹೇಳು ಎಂದರು. ಮುದ್ದೆ ಆರಿ ಗಟ್ಟಿಯಾಯಿತು. ಅವ್ವ ಒಮ್ಮೆ ಬಂದು ನೀರು ಇಟ್ಟು ಹೋದಳು.

ಒಬ್ಬರು ಆಗಲೇ ಹೂಂ ಎಂದು ಒತ್ತಿಬಿಟ್ಟಿದ್ದರು. ಅಪ್ಪನಿಗಿಂತ ಚಿಕ್ಕವರು, ಅದರ ಹಿಂದಿನ ವರ್ಷವಷ್ಟೇ ನಿವೃತ್ತರಾದವರು. ಅವರ ಜೊತೆ ನಾನು ಮಾತಾಡಿ, ನೆಟ್ ಆಫ್ ಮಾಡಿಸಿ, ಆ ಆ್ಯಪು ತೆಗೆಸಿ, ಅವರ ಮಗಳ ಫೋನಿನಿಂದ ಬ್ಯಾಂಕಿಗೆ ಹೇಳಿಸಿದೆ. ಏನೂ ಹೋಗಿರಲಿಲ್ಲ. ಆದರೂ ಅವರು ಅಪ್ಪನ ಜೊತೆ ಮಾತಾಡಲು ಒಪ್ಪಲಿಲ್ಲ. ಗುಂಪು ಬಿಟ್ಟು ಹೋದರು. ಈಗಲೂ ಸಂತೆಯಲ್ಲಿ ಎದುರಾದರೆ ಅಪ್ಪನೇ ಮೊದಲು ನಿಲ್ಲುತ್ತಾರೆ, ಅವರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಎಲ್ಲ ಮುಗಿದ ಮೇಲೆ ಭಾವ ಹೆಲ್ಮೆಟ್ ಹಿಡಿದು ಬಾಗಿಲಲ್ಲಿ ನಿಂತ. ಹಂಗಾದ್ರೆ ಅವನ ಲೊಕೇಶನ್ ಸಿಗುವುದೇ ಇಲ್ಲವಾ ಎಂದು ಕೇಳಿದ. ಪೊಲೀಸರಿಗೆ ದೂರು ಕೊಡುತ್ತೇವೆ, ಅವರು ನೋಡಿಕೊಳ್ಳುತ್ತಾರೆ ಎಂದೆ. ಅವನಿಗೆ ನಿರಾಸೆಯಾಯಿತು. ಮೂರು ಗಂಟೆಗಳ ಕಾಲ ಒಂದು ಜಗುಲಿಯಲ್ಲಿ ಕುಳಿತು ಫೋನ್ ಮಾಡುವುದನ್ನು ಯಾರೂ ಸಿನಿಮಾ ಮಾಡುವುದಿಲ್ಲ. ಮಾಡಿದರೆ ಅವನು ನೋಡುವುದಿಲ್ಲ.

ಏಳು ದಿನ ಕಳೆದ ಮೇಲೆ ಅಪ್ಪನ ಫೋನಿನಲ್ಲಿ ಗುಂಪು ಮತ್ತೆ ತೆರೆದುಕೊಂಡಿತು. ಆ ವಾರದಲ್ಲಿ ಯಾರೋ ಒಂದು ಚಿತ್ರ ಹಾಕಿದ್ದರು: ಹ್ಯಾಕರ್‌ಗಳಿದ್ದಾರೆ ಎಚ್ಚರ. ಅದೇ ಕಪ್ಪು ಮುಸುಕು, ಅದೇ ಮುಖವಿಲ್ಲದ ಗಂಡಸು, ನಮ್ಮ ಕಾಲೇಜಿನ ಬ್ಯಾನರಿನವನೇ. ಕೆಳಗೆ ಎಂಟು ಹತ್ತು ಜನ ಕೈಮುಗಿದಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಒಂದು ಬೆರಳಿನಿಂದ, ನಿಧಾನವಾಗಿ ಬರೆದರು. ನನ್ನನ್ನು ಏನೂ ಕೇಳಲಿಲ್ಲ.

"ಮುಸುಕು ಇರಲಿಲ್ಲ. ಸಾರ್ ಅಂದ. ನಂಬರು ನಾನೇ ಕೊಟ್ಟೆ."

ಸ್ವಲ್ಪ ಹೊತ್ತಿಗೆ ಮುತ್ತತ್ತಿ ಕಡೆಯ ಆ ಜೊತೆಗಾರನಿಂದ ಉತ್ತರ ಬಂತು.

"ಮುಸುಕು ಇರಲಿಲ್ಲ. ಸಾರ್ ಅಂದ. ನಂಬರು ನೀನೇ ಕೊಟ್ಟೆ. ಸರಿ."